ಹಳೆಯ ಪಿಕಪ್ ಗಾಡಿಯ ಮುಂಗಾಲಿ ಅಲೈನ್‌ಮೆಂಟ್: ದೋಷ ಪತ್ತೆ ಮತ್ತು ಪರಿಹಾರ

ಬೆಳೆ ಬೆಳೆಯುವುದು ಒಂದು ಕೆಲಸವಾದರೆ, ಬೆಳೆದದ್ದನ್ನು ಕೆಡದಂತೆ ಮಾರುಕಟ್ಟೆಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಟೊಮೇಟೊ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಾಜಿನ ಹೊತ್ತಿಗೆ ಹಣ್ಣು ಮಂಡಿ ತಲುಪದಿದ್ದರೆ ಆ ದಿನದ ಬೆಲೆ ಕೈತಪ್ಪಿತೆಂದೇ ಅರ್ಥ. ಆದುದರಿಂದ ಅನೇಕ ರೈತರು ತಾವಾಗಿಯೋ, ನಾಲ್ಕಾರು ಜನ ಸೇರಿಯೋ ಹಳೆಯ ಟಾಟಾ 207, ಮಹೀಂದ್ರ ಬೊಲೆರೊ ಮುಂತಾದ ಪಿಕಪ್ ಗಾಡಿಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಇಟ್ಟುಕೊಂಡಿರುತ್ತಾರೆ. ತೋಟದ ಬಂಡಿ ದಾರಿ, ಹಳ್ಳದ ಇಳಿಜಾರು, ಮಿತಿ ಮೀರಿದ ಹೊರೆ ಇವೆಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಗಾಡಿಯ ಮುಂಭಾಗ. ಕೆಲವು ವರ್ಷಗಳಲ್ಲಿ ಅಲ್ಲಿ ದೋಷ ಕಾಣಿಸಿಕೊಳ್ಳುವುದು ಸಹಜ.

ರೈತರು ಹೇಳುವ ದೂರುಗಳು ಸಾಮಾನ್ಯವಾಗಿ ಮೂರು: ಸ್ಟೇರಿಂಗ್ ಒಂದೇ ಕಡೆಗೆ ಎಳೆಯುತ್ತದೆ, ಹೊಸ ಟೈರು ಒಂದೇ ಅಂಚಿನಲ್ಲಿ ಬೇಗ ಸವೆಯುತ್ತದೆ, ಗುಂಡಿ ಹಾದೊಡನೆ ಮುಂಗಾಲಿಗಳು ಗಡಗಡನೆ ನಡುಗುತ್ತವೆ. ಇಂಥ ದೂರು ಬಂದ ಕೂಡಲೇ ಗಾಡಿಯನ್ನು ಅಲೈನ್‌ಮೆಂಟ್ ಅಂಗಡಿಗೆ ಒಯ್ದು ಹಣ ಕೊಟ್ಟು ಬರುವುದು ರೂಢಿ. ತಿಂಗಳೊಳಗೆ ಅದೇ ತೊಂದರೆ ಮತ್ತೆ ತಲೆಹಾಕುತ್ತದೆ. ಆಗ ಅಂಗಡಿಯವನ ಮೇಲೆ ತಪ್ಪು ಹೊರಿಸುವುದುಂಟು. ಆದರೆ ಬಹಳ ಸಲ ತಪ್ಪು ಇರುವುದು ಕೆಲಸದ ಕ್ರಮದಲ್ಲಿ.

ಬೆಳೆಯಲ್ಲಿ ಎಲೆ ಹಳದಿಯಾದರೆ ನಾವು ಒಡನೆಯೇ ಯೂರಿಯಾ ಚೀಲ ಬಿಚ್ಚುವುದಿಲ್ಲ. ಕೆಳಗಿನ ಹಳೆಯ ಎಲೆ ಹಳದಿಯಾಗಿದ್ದರೆ ಸಾರಜನಕದ ಕೊರತೆಯನ್ನು, ತುದಿಯ ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸುತ್ತೇವೆ. ಗಾಡಿಯ ವಿಷಯವೂ ಹಾಗೆಯೇ. ಸವೆತ ಮತ್ತು ಎಳೆತ ಕೇವಲ ಲಕ್ಷಣಗಳು. ಕಾರಣವನ್ನು ಬೇರೆಯಾಗಿ ಹುಡುಕಬೇಕು. ಸಡಿಲವಾದ ಭಾಗಗಳ ಮೇಲೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಮೊದಲು ಸಡಿಲ ಹುಡುಕಿ ಸರಿಪಡಿಸಬೇಕು, ಅಲೈನ್‌ಮೆಂಟ್ ಕೊನೆಗೆ ಮಾಡಬೇಕು. ಈ ಲೇಖನದ ಸಾರ ಇಷ್ಟೇ.

ಮುಂಭಾಗದ ರಚನೆ

ಗಾಡಿಯ ಕೆಳಗೆ ಬಗ್ಗಿ ನೋಡಿ, ನಿಮ್ಮದು ಯಾವ ಮಾದರಿಯೆಂದು ಮೊದಲು ತಿಳಿದುಕೊಳ್ಳಿ. ಪಿಕಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ರಚನೆಗಳಿವೆ.

1. ಒಂದೇ ಗಟ್ಟಿ ಆಕ್ಸಲ್: ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಕಬ್ಬಿಣದ ತೊಲೆ ಇದ್ದು, ಅದರ ಮೇಲೆ ಎರಡೂ ಬದಿ ಕಮಾನು ಪಟ್ಟಿಗಳ ಕಟ್ಟು ಕೂತಿರುತ್ತದೆ. ಪಟ್ಟಿಗಳನ್ನು ಸೆಂಟರ್ ಬೋಲ್ಟ್ ಒಂದುಗೂಡಿಸುತ್ತದೆ. ಯು-ಬೋಲ್ಟ್‌ಗಳು ಅವನ್ನು ಆಕ್ಸಲ್‌ಗೆ ಬಿಗಿಯುತ್ತವೆ. ಬಹಳಷ್ಟು ಇಂಥ ಗಾಡಿಗಳಲ್ಲಿ ಗಾಲಿ ಎಡಬಲ ತಿರುಗುವುದು ಕಿಂಗ್ ಪಿನ್ ಎಂಬ ಗೂಟದ ಮೇಲೆ.

2. ಬೇರೆ ಬೇರೆ ತೋಳುಗಳ ರಚನೆ: ಪ್ರತಿ ಗಾಲಿಗೂ ಮೇಲೊಂದು ಕೆಳಗೊಂದು ತೋಳು ಇದ್ದು, ಗಾಲಿ ಬಾಲ್ ಜಾಯಿಂಟುಗಳ ಮೇಲೆ ತಿರುಗುತ್ತದೆ. ಭಾರ ಹೊರಲು ಸುರುಳಿ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಎಂಬ ಉದ್ದನೆಯ ಸರಳು ಇರುತ್ತದೆ.

ಎರಡರಲ್ಲೂ ಗಾಲಿಗಳನ್ನು ಸ್ಟೇರಿಂಗ್‌ಗೆ ಜೋಡಿಸುವ ಟೈ ರಾಡ್ ಮತ್ತು ಅದರ ತುದಿಯಲ್ಲಿ ಗುಂಡಾದ ಕೀಲು, ಅಂದರೆ ಟೈ ರಾಡ್ ಎಂಡ್, ಇದ್ದೇ ಇರುತ್ತದೆ.

ಮೂರು ಅಳತೆಗಳು

ಟೋ-ಇನ್: ಮುಂಗಾಲಿಗಳೆರಡನ್ನು ಮೇಲಿನಿಂದ ನೋಡಿದಂತೆ ಊಹಿಸಿಕೊಳ್ಳಿ. ಅವುಗಳ ಮುಂದಿನ ಅಂಚುಗಳ ನಡುವಿನ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಕಡಿಮೆ ಇದ್ದರೆ ಅದು ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಇಲ್ಲಿ ಬೇಕಾಗುವುದು ಕೆಲವೇ ಮಿಲಿಮೀಟರುಗಳ ವ್ಯತ್ಯಾಸ. ನಿಮ್ಮ ಗಾಡಿಯ ಸರಿಯಾದ ಅಳತೆ ಕಂಪನಿಯ ಕೈಪಿಡಿಯಲ್ಲಿರುತ್ತದೆ.

ಕ್ಯಾಂಬರ್: ಗಾಡಿಯ ಎದುರು ನಿಂತು ನೋಡಿದಾಗ ಗಾಲಿಯ ತಲೆ ಹೊರಗೋ ಒಳಗೋ ವಾಲಿರುವ ಪ್ರಮಾಣ.

ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಪ್ರಮಾಣ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದು ಮುಖ್ಯವಾಗಿ ಈ ಓರೆಯಿಂದಲೇ.

ಟೋ-ಇನ್ ತಪ್ಪಿದರೆ ಎಷ್ಟು ನಷ್ಟವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಟೈರಿನ ವ್ಯಾಸ ಸುಮಾರು 700 ಮಿ.ಮೀ. ಎಂದಿಟ್ಟುಕೊಳ್ಳೋಣ. ಅಳತೆ ಒಟ್ಟು 10 ಮಿ.ಮೀ. ತಪ್ಪಿದ್ದರೆ ಪ್ರತಿ ಗಾಲಿಯ ಪಾಲು 5 ಮಿ.ಮೀ. ಅಂದರೆ 700ಕ್ಕೆ 5ರಂತೆ ಗಾಲಿ ಓರೆಯಾಗಿ ನಡೆಯುತ್ತದೆ. ಒಂದು ಕಿ.ಮೀ. ಓಡುವಷ್ಟರಲ್ಲಿ ಟೈರು ಸುಮಾರು 7 ಮೀಟರು ಅಡ್ಡಕ್ಕೆ ಉಜ್ಜಿದಂತಾಗುತ್ತದೆ. 100 ಕಿ.ಮೀ.ಗೆ ಇದು 700 ಮೀಟರು. ಗಾಡಿಯನ್ನು ಅಷ್ಟು ದೂರ ಅಡ್ಡಡ್ಡ ಎಳೆದರೆ ರಬ್ಬರು ಉಳಿಯುವುದೆಂತು?

ಟೈರಿನ ಸವೆತವನ್ನು ಓದುವುದು

ಟೈರನ್ನು ಕಣ್ಣಿನಿಂದ ನೋಡಿದರೆ ಸಾಲದು, ಅಂಗೈಯಿಂದ ಸವರಿ ನೋಡಬೇಕು. ತಂತಿ ಹೊರಬಂದ ಟೈರನ್ನು ಮಾತ್ರ ಬರಿಗೈಯಿಂದ ಮುಟ್ಟಬಾರದು.

ಎರಡೂ ಅಂಚು ಸವೆದು ನಡು ಉಳಿದಿದ್ದರೆ: ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು. ಅಲೈನ್‌ಮೆಂಟಿನ ದೋಷವಲ್ಲ.

ನಡು ಮಾತ್ರ ಸವೆದಿದ್ದರೆ: ಗಾಳಿ ಹೆಚ್ಚು.

ಒಂದೇ ಅಂಚು ನುಣ್ಣಗೆ ಸವೆದಿದ್ದರೆ: ಕ್ಯಾಂಬರ್ ದೋಷ. ಹೊರ ಅಂಚಾದರೆ ಗಾಲಿಯ ತಲೆ ಹೊರಕ್ಕೆ, ಒಳ ಅಂಚಾದರೆ ಒಳಕ್ಕೆ ವಾಲಿದೆ. ಮಿತಿ ಮೀರಿದ ಹೊರೆಯಿಂದ ಗಟ್ಟಿ ಆಕ್ಸಲ್ ಬಾಗಿದರೆ ಎರಡೂ ಗಾಲಿಗಳ ತಲೆ ಒಳಕ್ಕೆ ವಾಲುತ್ತದೆ.

ಸವೆದ ಕಟ್ಟುಗಳ ಅಂಚು ಗರಗಸದಂತೆ ಚೂಪಾಗಿದ್ದರೆ: ಟೋ ದೋಷ. ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿಯೂ, ಒಳಗಿನಿಂದ ಹೊರಕ್ಕೆ ಸವರಿದಾಗ ಚುಚ್ಚುವಂತೆಯೂ ಇದ್ದರೆ ಟೋ-ಇನ್ ಹೆಚ್ಚಾಗಿದೆ. ಇದಕ್ಕೆ ತದ್ವಿರುದ್ಧವಾಗಿದ್ದರೆ ಟೋ-ಔಟ್ ಆಗಿದೆ.

ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ: ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಗಾಲಿಯ ಬ್ಯಾಲೆನ್ಸ್ ತಪ್ಪಿರಬಹುದು ಅಥವಾ ಬೇರಿಂಗ್ ಸಡಿಲವಾಗಿರಬಹುದು.

ಕ್ಯಾಸ್ಟರ್ ದೋಷ ಸಾಮಾನ್ಯವಾಗಿ ಟೈರನ್ನು ಸವೆಸುವುದಿಲ್ಲ. ಗಾಡಿ ನೇರ ಓಡದೆ ಅಲೆದಾಡುವುದು ಮತ್ತು ಸ್ಟೇರಿಂಗ್ ತಾನಾಗಿ ಮರಳದಿರುವುದು ಅದರ ಗುರುತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಗಾಡಿಯನ್ನು ಬರಿದು ಮಾಡಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ, ಅಂದರೆ ಸಿಮೆಂಟಿನ ಕಣದ ಮೇಲೆ ನಿಲ್ಲಿಸಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಗಾಡಿಯನ್ನು ಎತ್ತಿದ ಮೇಲೆ ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬಾರದು. ಕಬ್ಬಿಣದ ಸ್ಟ್ಯಾಂಡ್ ಅಥವಾ ಅಗಲವಾದ ಗಟ್ಟಿ ಮರದ ದಿಮ್ಮಿಗಳ ಆಸರೆ ಇರಲೇಬೇಕು. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟ್ ಬ್ಲಾಕು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಅವನ್ನು ಎಂದಿಗೂ ಇಡಬಾರದು.

ಮೊದಲ ಹೆಜ್ಜೆ, ಟೈರು ಮತ್ತು ಬ್ರೇಕು: ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎರಡೂ ಮುಂಗಾಲಿಗಳ ಗಾಳಿಯನ್ನು ಅಳೆದು ಕಂಪನಿ ಹೇಳಿದಷ್ಟಕ್ಕೆ ತನ್ನಿ. ಎಳೆತ ಇನ್ನೂ ಇದ್ದರೆ ಮುಂದಿನ ಎರಡು ಟೈರುಗಳನ್ನು ಎಡಬಲ ಬದಲಿಸಿ ಓಡಿಸಿ ನೋಡಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದೇ. ಬದಲಾಗದಿದ್ದರೆ, ಬ್ರೇಕು ಹೆಚ್ಚು ಒತ್ತದೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಗಾಲಿಗಳ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಒಂದು ಹೆಚ್ಚು ಬಿಸಿಯಾಗಿದ್ದರೆ ಆ ಬದಿಯ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ.

ಎರಡನೆಯ ಹೆಜ್ಜೆ, ಎತ್ತರ ಮತ್ತು ಉದ್ದ: ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಒಂದು ಬದಿ ಕುಸಿದಿದ್ದರೆ ಕಮಾನು ಪಟ್ಟಿ ಮುರಿದಿರಬಹುದು ಅಥವಾ ಟಾರ್ಷನ್ ಬಾರ್ ಸಡಿಲಗೊಂಡಿರಬಹುದು. ನಂತರ ಸ್ಟೇರಿಂಗ್ ನೇರವಿಟ್ಟು, ಮುಂಗಾಲಿಯ ನಡುವಿನಿಂದ ಹಿಂಗಾಲಿಯ ನಡುವಿನವರೆಗೆ ಎರಡೂ ಬದಿ ಟೇಪು ಹಿಡಿಯಿರಿ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಯಾವುದೋ ಒಂದು ಆಕ್ಸಲ್ ಜಾರಿದೆ ಎಂದು ತಿಳಿಯಬೇಕು.

ಮೂರನೆಯ ಹೆಜ್ಜೆ, ಗಾಲಿ ಅಲ್ಲಾಡಿಸುವುದು: ಮುಂಗಾಲಿಯನ್ನು ನೆಲದಿಂದ ಎತ್ತಿ, ಟೈರನ್ನು ತಲೆಯಲ್ಲಿ ಮತ್ತು ಬುಡದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕು ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕು ಒತ್ತಿದಾಗ ಸಡಿಲ ಮಾಯವಾದರೆ ಗಾಲಿಯ ಬೇರಿಂಗ್ ಸಡಿಲ. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಬಳಿಕ ಟೈರನ್ನು ಮುಂದೆ ಮತ್ತು ಹಿಂದೆ ಹಿಡಿದು ಅಲ್ಲಾಡಿಸಿ. ಆಗ ಕಾಣುವ ಸಡಿಲ ಹೆಚ್ಚಾಗಿ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಬಾಕ್ಸಿನದು.

ತೋಳುಗಳ ರಚನೆಯಲ್ಲಿ ಒಂದು ಎಚ್ಚರ ಬೇಕು. ಸ್ಪ್ರಿಂಗಿನ ಭಾರ ಕೆಳಗಿನ ತೋಳಿನ ಮೇಲೆ ಬೀಳುವಂತಿದ್ದರೆ ಜಾಕಿಯನ್ನು ಆ ತೋಳಿನ ಕೆಳಗೆ, ಗಾಲಿಗೆ ಸಮೀಪವಾಗಿ ಕೊಡಬೇಕು. ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿಯಾಗಿ ಹಿಡಿದು, ಸವೆದ ಜಾಯಿಂಟೂ ಸರಿಯಿದ್ದಂತೆ ತೋರುತ್ತದೆ.

ನಾಲ್ಕನೆಯ ಹೆಜ್ಜೆ, ಕೀಲುಗಳನ್ನು ಕಣ್ಣಿನಿಂದ ನೋಡುವುದು: ಗಾಡಿಯನ್ನು ನೆಲಕ್ಕಿಳಿಸಿ. ಒಬ್ಬರು ಸ್ಟೇರಿಂಗನ್ನು ಎಡಬಲ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಒಂದೊಂದೇ ಕೀಲನ್ನು ನೋಡಲಿ. ಒಂದು ಭಾಗ ಚಲಿಸಿ, ಅದಕ್ಕೆ ಸೇರಿದ ಇನ್ನೊಂದು ಭಾಗ ತಡವಾಗಿ ಚಲಿಸಿದರೆ ಆ ಕೀಲು ಸವೆದಿದೆ. ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳನ್ನು, ಅದು ಕೂತಿರುವ ಚಾಸಿಯಲ್ಲಿ ಬಿರುಕು ಇದೆಯೇ ಎಂಬುದನ್ನು, ಯು-ಬೋಲ್ಟುಗಳ ಬಿಗಿಯನ್ನು, ಪಟ್ಟಿಯ ಬುಷ್ ಮತ್ತು ಶ್ಯಾಕಲ್ಲುಗಳನ್ನು ಇದೇ ಸಮಯದಲ್ಲಿ ಪರೀಕ್ಷಿಸಬೇಕು. ಪಟ್ಟಿಗಳ ನಡುವೆ ಹೊಸದಾಗಿ ಹೊಳೆಯುವ ಅಥವಾ ತುಕ್ಕು ಸುರಿದ ಗೆರೆ ಕಂಡರೆ ಅಲ್ಲಿ ಜಾರಿಕೆ ನಡೆದಿದೆ ಎಂದು ಶಂಕಿಸಬೇಕು.

ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದೆ ಎಂದು ಗೊತ್ತಾದ ಮೇಲೆ ಇನ್ನೊಂದು ಲೋಡು ಹಾಕಿ ಬರೋಣವೆಂದು ಹೊರಡಬಾರದು. ಅದು ಕಳಚಿದರೆ ಗಾಲಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಟೊಮೇಟೊ ಕ್ರೇಟುಗಳ ಮೇಲೆ ಕೂಲಿಯಾಳುಗಳನ್ನು ಕೂರಿಸಿಕೊಂಡು ಬರುವ ಗಾಡಿಗಳನ್ನು ನಾವು ದಿನವೂ ನೋಡುತ್ತೇವೆ. ಜನರನ್ನು ಹೀಗೆ ಸಾಗಿಸುವುದೇ ಅಪಾಯ. ಸಡಿಲ ಕೀಲಿನ ಗಾಡಿಯಲ್ಲಂತೂ ಅದು ಪ್ರಾಣಕ್ಕೆ ಎರವಾಗುವ ಮಾತು.

ಹೆಚ್ಚುವರಿ ಪಟ್ಟಿಯಿಂದಾಗುವ ತೊಂದರೆ

ಹೊರೆ ಹೆಚ್ಚು ಹಾಕಲು ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಸೇರಿಸುವುದು ಬಳಕೆಯಲ್ಲಿದೆ. ಇದರಿಂದ ಮುಂಭಾಗಕ್ಕೂ ತೊಂದರೆಯಾಗುತ್ತದೆಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಹಿಂಭಾಗ ಎದ್ದಾಗ ಇಡೀ ಗಾಡಿ ಮುಂದಕ್ಕೆ ವಾಲುತ್ತದೆ, ಅದರೊಂದಿಗೆ ಕಿಂಗ್ ಪಿನ್ನಿನ ಓರೆಯೂ ಕಡಿಮೆಯಾಗುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 3 ಮೀಟರು ಇರುವ ಗಾಡಿಯ ಹಿಂಭಾಗ 5 ಸೆಂ.ಮೀ. ಎದ್ದರೆ ಕ್ಯಾಸ್ಟರ್ ಸುಮಾರು 1 ಡಿಗ್ರಿ ಇಳಿಯುತ್ತದೆ. ಮಂಡಿಯಿಂದ ಬರಿದಾಗಿ ಮರಳುವಾಗ ಗಾಡಿ ಅಲೆದಾಡುತ್ತದೆ ಎಂಬ ದೂರಿಗೆ ಅನೇಕ ಸಲ ಇದೇ ಮೂಲ. ಇನ್ನು ಹೊರೆಯನ್ನು ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಪೇರಿಸಿದರೆ ಮುಂಗಾಲಿಯ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರವಾಗುತ್ತದೆ. ಭಾರವಾದ ಚೀಲ ಮತ್ತು ಕ್ರೇಟುಗಳನ್ನು ಕ್ಯಾಬಿನ್ ಕಡೆಗೆ ಸೇರಿಸಿ ಇಡುವುದು, ಕಂಪನಿ ಹೇಳಿದ ಮಿತಿಯೊಳಗೆ ಹೊರೆ ಹಾಕುವುದು ಇದಕ್ಕೆ ಖರ್ಚಿಲ್ಲದ ಪರಿಹಾರ.

ದುರಸ್ತಿಯ ಕ್ರಮ

ದುರಸ್ತಿಯನ್ನು ಈ ಕೆಳಗಿನ ಸರದಿಯಲ್ಲೇ ಮಾಡಿಸಬೇಕು.

1. ಟೈರು, ಗಾಳಿ, ಬ್ರೇಕು.
2. ಮುರಿದ ಪಟ್ಟಿ, ಸೆಂಟರ್ ಬೋಲ್ಟ್, ಬುಷ್, ಗಾಡಿಯ ಎತ್ತರ.
3. ಗಾಲಿ ಬೇರಿಂಗ್, ಕಿಂಗ್ ಪಿನ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್.
4. ಕ್ಯಾಸ್ಟರ್ ಮತ್ತು ಕ್ಯಾಂಬರ್.
5. ಎಲ್ಲಕ್ಕಿಂತ ಕೊನೆಗೆ ಟೋ-ಇನ್.

ಈ ಸರದಿಗೆ ಕಾರಣವಿದೆ. ಮೇಲಿನ ಯಾವುದನ್ನು ಮುಟ್ಟಿದರೂ ಟೋ-ಇನ್ ಬದಲಾಗಬಹುದು. ಆದರೆ ಟೋ-ಇನ್ ತಿದ್ದಿದರೆ ಉಳಿದವು ಅಷ್ಟಾಗಿ ಬದಲಾಗುವುದಿಲ್ಲ.

ಗಟ್ಟಿ ಆಕ್ಸಲ್ಲಿನಲ್ಲಿ ಕ್ಯಾಂಬರ್ ತಿದ್ದಲು ಸಾಮಾನ್ಯವಾಗಿ ಪ್ರತ್ಯೇಕ ಬೋಲ್ಟು ಇರುವುದಿಲ್ಲ. ಅದು ತಪ್ಪಿದ್ದರೆ ಕಿಂಗ್ ಪಿನ್ ಸವೆದಿದೆ, ಬೇರಿಂಗ್ ಸಡಿಲವಾಗಿದೆ ಅಥವಾ ಆಕ್ಸಲ್ ಬಾಗಿದೆ. ಬಾಗಿದ ಆಕ್ಸಲ್ ಅಥವಾ ಸ್ಟೇರಿಂಗ್ ತೋಳನ್ನು ಗ್ಯಾಸಿನಿಂದ ಕಾಯಿಸಿ ಬಡಿದು ನೇರ ಮಾಡಿಸಬಾರದು. ಕಾಯಿಸಿದ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಅಂಥ ಭಾಗವನ್ನು ಬದಲಿಸುವುದೇ ಕ್ಷೇಮ. ಕ್ಯಾಸ್ಟರ್ ತಿದ್ದಲು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆಯಾದ ಲೋಹದ ಆಪು ಕೊಡುವುದುಂಟು. ಎರಡೂ ಬದಿಗೆ ಒಂದೇ ಅಳತೆಯದನ್ನು ಒಂದೇ ದಿಕ್ಕಿಗೆ ಕೊಡಬೇಕು.

ಟಾರ್ಷನ್ ಬಾರ್ ಇರುವ ಗಾಡಿಯಲ್ಲಿ ಬೋಲ್ಟು ತಿರುಗಿಸಿ ಎತ್ತರ ಸರಿಮಾಡಬಹುದು. ಬೇಕಾದ್ದಕ್ಕಿಂತ ಹೆಚ್ಚು ಎತ್ತಿದರೆ ಕ್ಯಾಂಬರ್ ಮತ್ತು ಟೋ ಎರಡೂ ಕೆಡುತ್ತವೆ. ಆದ್ದರಿಂದ ಎತ್ತರವನ್ನು ಮೊದಲು ಸರಿಪಡಿಸಿ, ಬಳಿಕ ಅಲೈನ್‌ಮೆಂಟ್ ಮಾಡಿಸಬೇಕು.

ಟೋ-ಇನ್ ಅಳೆಯುವ ಸುಲಭ ವಿಧಾನ

ಪಟ್ಟಣದ ಯಂತ್ರ ದೂರವಿದ್ದಾಗ ಟೇಪಿನಿಂದಲೇ ಅಂದಾಜು ತಿಳಿಯಬಹುದು. ಮುಂಗಾಲಿಗಳನ್ನು ಎತ್ತಿ, ಟೈರಿನ ನಡುಭಾಗಕ್ಕೆ ಸೀಮೆಸುಣ್ಣ ಬಳಿಯಿರಿ. ಗಾಲಿಯನ್ನು ಸುತ್ತಿಸುತ್ತಾ, ಅಲ್ಲಾಡದಂತೆ ಇಟ್ಟ ಮೊಳೆಯಿಂದ ಸಣ್ಣ ಗೆರೆ ಎಳೆಯಿರಿ. ಗಾಡಿಯನ್ನು ಇಳಿಸಿ, ಹಿಂಗಾಲಿಯ ಅಡ್ಡಗಲ್ಲು ತೆಗೆದು, ಸ್ಟೇರಿಂಗ್ ನೇರವಿಟ್ಟು ನಾಲ್ಕೈದು ಮೀಟರು ಮುಂದಕ್ಕೆ ತಳ್ಳಿ ನಿಲ್ಲಿಸಿ. ಗಾಲಿಯ ನಡುವಿನಷ್ಟು ಎತ್ತರದಲ್ಲಿ, ಮುಂಭಾಗದಲ್ಲಿ ಎರಡೂ ಗೆರೆಗಳ ಮೇಲೆ ಒಂದೊಂದು ಗುರುತು ಹಾಕಿ ಅವುಗಳ ಅಂತರ ಅಳೆಯಿರಿ. ಆ ಗುರುತುಗಳು ಅದೇ ಎತ್ತರದಲ್ಲಿ ಹಿಂಭಾಗಕ್ಕೆ ಬರುವವರೆಗೆ ಗಾಡಿಯನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಹಿಂದಿನ ಅಳತೆಯಿಂದ ಮುಂದಿನದನ್ನು ಕಳೆದರೆ ಬರುವುದೇ ಟೋ-ಇನ್. ಹಿಂದಕ್ಕೆ ತಳ್ಳಿ ಅಳೆಯಬಾರದು. ಕೀಲುಗಳ ಸಡಿಲ ಬೇರೆ ಕಡೆಗೆ ಸೇರಿ ಲೆಕ್ಕ ತಪ್ಪುತ್ತದೆ.

ತಿದ್ದುವಾಗ ಟೈ ರಾಡಿನ ಲಾಕ್ ನಟ್ ಅಥವಾ ಕ್ಲ್ಯಾಂಪ್ ಸಡಿಲಿಸಿ ಕೊಳವೆಯನ್ನು ತಿರುಗಿಸಬೇಕು. ಟೈ ರಾಡ್ ಆಕ್ಸಲ್ಲಿನ ಹಿಂದಿದ್ದರೆ ಅದನ್ನು ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ಎಡಬಲಕ್ಕೆ ಬೇರೆ ಬೇರೆ ಟೈ ರಾಡ್ ಇದ್ದಲ್ಲಿ ಎರಡನ್ನೂ ಸಮವಾಗಿ ತಿದ್ದಬೇಕು, ಇಲ್ಲವಾದರೆ ಸ್ಟೇರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ಕೊನೆಗೆ ನಟ್ಟುಗಳನ್ನು ಬಿಗಿದು ಮತ್ತೊಮ್ಮೆ ಅಳೆಯಲು ಮರೆಯಬಾರದು. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು.

ಒಂದು ಉದಾಹರಣೆ

ಕಮಾನು ಪಟ್ಟಿಯ ಪಿಕಪ್ ಒಂದು ಎಡಕ್ಕೆ ಎಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿ ಸಮವಾಗಿದೆ, ಟೈರು ಬದಲಿಸಿದರೂ ಎಳೆತ ಎಡಕ್ಕೇ ಇದೆ, ಬ್ರೇಕು ಬಿಸಿಯಾಗಿಲ್ಲ. ಟೇಪು ಹಿಡಿದಾಗ ಗಾಲಿಗಳ ಅಂತರ ಎಡಬದಿಯಲ್ಲಿ ಬಲಬದಿಗಿಂತ 2 ಸೆಂ.ಮೀ. ಕಡಿಮೆ ಬಂತು. ಪರೀಕ್ಷಿಸಿದರೆ ಎಡಬದಿಯ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಜಾರಿದೆ. ಇಂಥ ಗಾಡಿಗೆ ಎಷ್ಟು ಸಲ ಟೋ-ಇನ್ ಮಾಡಿಸಿದರೂ ಎಳೆತ ಹೋಗದು. ಒಂದು ಬೋಲ್ಟು ಬದಲಿಸಿ, ಆಕ್ಸಲನ್ನು ಅದರ ಸ್ಥಾನಕ್ಕೆ ತಂದು ಯು-ಬೋಲ್ಟ್ ಬಿಗಿದರೆ ಮೂಲ ಕಾರಣವೇ ನೀಗುತ್ತದೆ. ಆಮೇಲೆ ಮಾಡಿಸಿದ ಅಲೈನ್‌ಮೆಂಟ್ ನಿಲ್ಲುತ್ತದೆ.

ಮುನ್ನೆಚ್ಚರಿಕೆ

ಗ್ರೀಸ್ ನಿಪ್ಪಲ್ ಇರುವ ಕಿಂಗ್ ಪಿನ್, ಶ್ಯಾಕಲ್ ಮತ್ತು ಟೈ ರಾಡ್ ಎಂಡುಗಳಿಗೆ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಗ್ರೀಸು ಹೊಡೆಯಬೇಕು. ಕೆಸರಿನಲ್ಲಿ ಅಥವಾ ಹಳ್ಳದ ನೀರಿನಲ್ಲಿ ಓಡಾಡಿದ ಮೇಲೆ ಅವಧಿಗೆ ಕಾಯಬಾರದು. ಕಿಂಗ್ ಪಿನ್ನಿಗೆ ಗ್ರೀಸು ಕೊಡುವಾಗ ಆಕ್ಸಲನ್ನು ಎತ್ತಿ ಭಾರ ಇಳಿಸಿದರೆ ಗ್ರೀಸು ಎಲ್ಲ ಕಡೆಗೂ ಹರಡುತ್ತದೆ; ಹಳೆಯ ಕಪ್ಪು ಗ್ರೀಸು ಹೊರಬರುವವರೆಗೆ ಹೊಡೆಯಬೇಕು. ರಬ್ಬರಿನ ಮುಚ್ಚಳ ಹರಿದ ಕೀಲಿನೊಳಗೆ ಧೂಳು ಸೇರಿ ಬೇಗ ಸವೆಯುವುದರಿಂದ ಅಂಥದನ್ನು ಕಂಡ ಕೂಡಲೇ ಬದಲಿಸಬೇಕು.

ಅಲೈನ್‌ಮೆಂಟ್ ಅಂಗಡಿಗೆ ಹೋದಾಗ ತಿದ್ದುವ ಮೊದಲಿನ ಮತ್ತು ನಂತರದ ಅಳತೆಗಳೆರಡನ್ನೂ ಬರೆಸಿಕೊಂಡು ಬನ್ನಿ. ಮಣ್ಣು ಪರೀಕ್ಷೆಯ ಚೀಟಿಯಂತೆ ಅದನ್ನು ಜೋಪಾನವಾಗಿಡಿ. ಮುಂದಿನ ಸಲ ಯಾವ ಅಳತೆ ಎಷ್ಟು ಸರಿದಿದೆ ಎಂದು ನೋಡಿದರೆ ಯಾವ ಭಾಗ ಸವೆಯುತ್ತಿದೆ ಎಂಬುದರ ಸುಳಿವು ಸಿಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಸುಗ್ಗಿಗೆ ಮೊದಲು ಊರಿನ ಪಿಕಪ್ ಮಾಲೀಕರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ, ಮೇಲಿನ ನಾಲ್ಕು ಹೆಜ್ಜೆಗಳನ್ನು ಒಂದು ಗಾಡಿಯ ಮೇಲೆ ಮಾಡಿ ತೋರಿಸಿದರೆ ಬಹಳ ಉಪಯೋಗವಾದೀತು. ಇದಕ್ಕೆ ಬೇಕಾಗುವುದು ಗಾಳಿ ಅಳೆಯುವ ಗೇಜು, ಜಾಕಿ, ಆಸರೆಯ ದಿಮ್ಮಿ, ಟೇಪು, ಸೀಮೆಸುಣ್ಣ ಮತ್ತು ಇಬ್ಬರು ಆಳು ಮಾತ್ರ. ಸಡಿಲವನ್ನು ಮೊದಲು ಕಂಡುಹಿಡಿದು ಸರಿಪಡಿಸಿ, ಬಳಿಕ ಅಲೈನ್‌ಮೆಂಟ್ ಮಾಡಿಸಿದಲ್ಲಿ ಟೈರಿನ ಹಣ ಉಳಿಯುತ್ತದೆ, ಮಾಲು ಹೊತ್ತಿಗೆ ಸರಿಯಾಗಿ ಮಂಡಿ ಸೇರುತ್ತದೆ, ಗಾಡಿಯಲ್ಲಿ ಹೋದವರು ಸುರಕ್ಷಿತವಾಗಿ ಮನೆಗೆ ಮರಳುತ್ತಾರೆ.